ಹೆಸರು ಸರಿ, ಖಾತೆ ಬೇರೆ

ಹಾಲಹರವಿಯ ರೈತನೊಬ್ಬ ಹತ್ತಿ ಚೀಲಗಳನ್ನು ಗಾಡಿಗೆ ಹೇರಿಕೊಂಡು ಆದೋನಿಗೆ ಹೊರಟನೆಂದರೆ, ಸಂಜೆಯೊಳಗೆ ಆ ಹತ್ತಿ ಹಲವರ ಕೈ ದಾಟಿರುತ್ತದೆ. ಹಮಾಲರು ಇಳಿಸುತ್ತಾರೆ. ದಲಾಲಿ ಅಂಗಡಿಯವರು ಮಾರಾಟಕ್ಕೆ ಇಡುತ್ತಾರೆ. ಖರೀದಿದಾರ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಎತ್ತಿ, ಎಳೆ ಜಗ್ಗಿ ನೋಡುತ್ತಾನೆ. ಆಮೇಲೆ ಕಾಟಾ, ಆಮೇಲೆ ಗುಮಾಸ್ತನ ಪಟ್ಟಿ. ಇಷ್ಟು ಕೈ ದಾಟಿದರೂ ಹತ್ತಿ ಸುಮ್ಮನೆ ಮಾಯವಾಗುವುದಿಲ್ಲ. ಕಾಟಾದ ಮುಳ್ಳನ್ನು ಇಬ್ಬರು ನೋಡುತ್ತಾರೆ, ಚೀಲವನ್ನು ಒಬ್ಬರು ಎಣಿಸಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಾರೆ, ಪಟ್ಟಿಯನ್ನು ರೈತ ತನ್ನ ಮಗನಿಗೆ ಓದಿಸಿ ಕೇಳುತ್ತಾನೆ. ಸರಕು ಒಂದು ಕೈಯಿಂದ ಇನ್ನೊಂದಕ್ಕೆ ಹೋಗುವ ಗಳಿಗೆಯಲ್ಲೇ ಮೋಸ ನಡೆಯುತ್ತದೆ ಎಂಬುದನ್ನು ಆದೋನಿಯ ಪೇಟೆ, ಹಿರಿಯರ ಬಾಯಲ್ಲಿನ ಆದವಾನಿ, ಎಷ್ಟೋ ತಲೆಮಾರುಗಳ ಹಿಂದೆಯೇ ಅರಿತಿತ್ತು.

ರೊಕ್ಕದ ವಿಷಯಕ್ಕೆ ಬಂದಾಗ ಮಾತ್ರ ಈ ಎಚ್ಚರ ಸಡಿಲವಾಗಿದೆ. ನೋಟಿನ ಕಂತೆಯನ್ನು ಎರಡು ಸಲ ಎಣಿಸುತ್ತಿದ್ದ ಅಂಗಡಿಯೇ ಇಂದು ಖಾತೆಯಿಂದ ಖಾತೆಗೆ ಹಣ ಕಳಿಸುವಾಗ ಪರದೆಯ ಮೇಲೆ ಹಸಿರು ಗುರುತು ಕಂಡರೆ ಸಾಕೆಂದು ಮುಂದಿನ ಕೆಲಸಕ್ಕೆ ತಿರುಗುತ್ತದೆ. ಗುಂಡಿ ಒತ್ತುವುದಕ್ಕೂ ಹಣ ಸೇರುವುದಕ್ಕೂ ನಡುವೆ ಆ ಆದೇಶ ಎಷ್ಟು ಕೈ ದಾಟುತ್ತದೆ, ಅಲ್ಲಿ ಯಾರು ನೋಡುತ್ತಿರುತ್ತಾರೆ ಎಂದು ನಾವು ಕೇಳುವುದೇ ಇಲ್ಲ. ವ್ಯಾಪಾರ ಸಂಸ್ಥೆಗಳ ಸೈಬರ್ ದೌರ್ಬಲ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಹಲವು ಈ ಕಾಣದ ಕೈಬದಲಿನಲ್ಲೇ ಇವೆ. ಅದಕ್ಕೆ ದೂರದ ಉದಾಹರಣೆ ಬೇಕಿಲ್ಲ. ತುಂಗಭದ್ರೆಯ ದಡದ ಹೊಸಪೇಟೆಯಲ್ಲೇ ಒಂದಿದೆ.

ಹೊಸಪೇಟೆಯ ಕಡತ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಲೂರು ಸೀಮೆಯ ಹಾಲಹರವಿಯೂ ಅದರೊಳಗೇ ಇತ್ತು. ಗಡಿ ಗೆರೆ ಬಿದ್ದ ಮೇಲೆ ಕಚೇರಿಗಳು ಬೇರೆಯಾದವು. ಮಾತು, ನಂಟಸ್ತಿಕೆ, ವ್ಯಾಪಾರ ಮಾತ್ರ ಆಚೀಚೆ ಓಡಾಡುತ್ತಲೇ ಇವೆ. ಹಾಗಾಗಿ ಬಳ್ಳಾರಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಲ್ಲಿ ಆದದ್ದು ಈ ಭಾಗದವರಿಗೆ ಪಕ್ಕದ ಮನೆಯ ಸುದ್ದಿ.

ಬಿಡಿಸಿಸಿ ಎಂದು ಕರೆಯುವ ಆ ಬ್ಯಾಂಕಿನ ಕೇಂದ್ರ ಕಚೇರಿ ಇರುವುದು ಹೊಸಪೇಟೆಯಲ್ಲಿ. 2025ರ ಜನವರಿ 10ರಂದು ಬ್ಯಾಂಕು ತನ್ನ ಗ್ರಾಹಕರ ಆರ್‌ಟಿಜಿಎಸ್, ನೆಫ್ಟ್ ಪಾವತಿಗಳನ್ನು ಎಂದಿನಂತೆ ಐಡಿಬಿಐ ಬ್ಯಾಂಕಿನ ಮೂಲಕ ಕಳಿಸಿತು. ಇಂಥ ಪಾವತಿಗಳು ಒಂದೊಂದಾಗಿ ಹೋಗುವುದಿಲ್ಲ. ಹಲವು ಪಾವತಿಗಳನ್ನು ಎಕ್ಸ್‌ಎಂಎಲ್ ಎಂಬ ರೂಪದ ಒಂದು ಕಡತದಲ್ಲಿ ಸಾಲಾಗಿ ಬರೆದು ಕಳಿಸುತ್ತಾರೆ. ಹೆಸರು, ಖಾತೆ ಸಂಖ್ಯೆ, ಶಾಖೆಯ ಐಎಫ್‌ಎಸ್‌ಸಿ, ಮೊತ್ತ ಇಷ್ಟು ಒಂದು ಸಾಲು. ವರದಿಯಾದಂತೆ, ಆ ಕಡತ ದಾಟುವ ಹಂತದಲ್ಲಿ ಯಾರೋ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿಗಳನ್ನಷ್ಟೇ ಬದಲಿಸಿದ್ದರು. ಹೆಸರು ಹಾಗೇ ಇತ್ತು, ಉಳಿದ ವಿವರಗಳೂ ಹಾಗೇ ಇದ್ದವು. ಸುಮಾರು 2.34 ಕೋಟಿ ರೂಪಾಯಿ ಉತ್ತರದ ರಾಜ್ಯಗಳ 25 ಖಾತೆಗಳಿಗೆ ಹರಿದುಹೋಯಿತು. ಹಣ ಸೇರಿಲ್ಲವೆಂದು ಗ್ರಾಹಕರು ಕೇಳತೊಡಗಿದ ಮೇಲೆ, ಜನವರಿ 13ರಂದು, ಸಂಗತಿ ಹೊರಬಿತ್ತು. ಬ್ಯಾಂಕು ಆ ಸೇವೆಗಳನ್ನು ನಿಲ್ಲಿಸಿ ಪೊಲೀಸರಿಗೆ ದೂರು ಕೊಟ್ಟಿತು.

ಇಲ್ಲಿ ತಿಜೋರಿ ಒಡೆದಿಲ್ಲ, ಗ್ರಾಹಕರ ಪಿನ್ ಕದ್ದಿಲ್ಲ. ಶಾಖೆಯಲ್ಲಿ ಚಲನ್ ಬರೆದವರು, ನೋಡಿ ಸಹಿ ಹಾಕಿದವರು ತಮ್ಮ ಪಾಲಿನ ಕೆಲಸವನ್ನು ಸರಿಯಾಗಿ ಮಾಡಿದ್ದರೂ ಈ ಕಳವು ಸಾಧ್ಯವಿತ್ತು. ಏಕೆಂದರೆ ಅವರು ನೋಡಿ ಒಪ್ಪಿದ ಪಟ್ಟಿ ಬೇರೆ, ಆ ತುದಿಯಲ್ಲಿ ಹಣ ಹಂಚಿದ ಪಟ್ಟಿ ಬೇರೆ.

ಹೆಸರನ್ನು ಓದದ ಯಂತ್ರ

ಹೆಸರು ಒಂದು, ಖಾತೆ ಇನ್ನೊಬ್ಬರದು ಎಂದಾಗ ಪಾವತಿ ತಡೆಯಬೇಕಿತ್ತಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ನೆಫ್ಟ್ ಮತ್ತು ಆರ್‌ಟಿಜಿಎಸ್‌ಗಳಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ಹೆಸರನ್ನು ತಾಳೆ ನೋಡಿಯೇ ಜಮೆ ಮಾಡಬೇಕೆಂಬ ಕಟ್ಟು ಇಲ್ಲ. ಇದಕ್ಕೆ ಕಾರಣವೂ ಇದೆ. ಒಂದೇ ಹೆಸರನ್ನು ಒಂದು ಕಡೆ ‘ಹನುಮಂತಪ್ಪ’ ಎಂದೂ ಇನ್ನೊಂದು ಕಡೆ ‘ಹನುಮಂತ’ ಎಂದೂ, ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತು ಬಗೆಯಲ್ಲೂ ಬರೆಯುವ ದೇಶ ನಮ್ಮದು. ಅಕ್ಷರಕ್ಕೆ ಅಕ್ಷರ ಕೂಡಲೇಬೇಕೆಂದರೆ ಸರಿಯಾದ ಪಾವತಿಗಳೇ ಸಾವಿರಗಟ್ಟಲೆ ನಿಂತುಹೋಗುತ್ತವೆ. ಅನುಕೂಲಕ್ಕೆಂದು ಬಿಟ್ಟ ಆ ಸಡಿಲ ಜಾಗವೇ ಕಳ್ಳನಿಗೆ ಸಂದಾಯಿತು.

ರಿಸರ್ವ್ ಬ್ಯಾಂಕು 2024ರ ಡಿಸೆಂಬರ್ 30ರಂದು ಈ ಬಗ್ಗೆ ಸುತ್ತೋಲೆ ಹೊರಡಿಸಿತು. ನೆಫ್ಟ್, ಆರ್‌ಟಿಜಿಎಸ್ ಮೂಲಕ ಹಣ ಕಳಿಸುವವರು ಖಾತೆ ಸಂಖ್ಯೆ ಕೊಟ್ಟ ಕೂಡಲೇ ಆ ಖಾತೆ ನಿಜವಾಗಿ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಯುಪಿಐ ಬಳಸುವವರಿಗೆ ಇದು ಮೊದಲೇ ಗೊತ್ತು. ಹಣ ಕಳಿಸುವ ಮುನ್ನ ಎದುರಿನವರ ಹೆಸರು ಪರದೆಯ ಮೇಲೆ ಬರುತ್ತದೆ. ನಿಮ್ಮ ಅಂಗಡಿಯ ಬ್ಯಾಂಕಿನಲ್ಲಿ ಈ ಸೌಲಭ್ಯ ಬಂದಿದ್ದರೆ ಹೊಸ ಖಾತೆಗೆ ಹಣ ಹಾಕುವ ಮುನ್ನ ಪ್ರತಿ ಸಲವೂ ಬಳಸಿ. ಆದರೆ ಅದು ಕಾಯುವುದು ಕಳಿಸುವವರ ಕಣ್ಣನ್ನು ಮಾತ್ರ. ಕಳಿಸಿದ ಮೇಲೆ ದಾರಿಯಲ್ಲಿ ಕಡತ ಬದಲಾದರೆ ಅದನ್ನು ಹಿಡಿಯಲು ಬೇರೆ ಉಪಾಯವೇ ಬೇಕು.

ಅರ್ಥವಿಲ್ಲದ ಮೊತ್ತದ ಅರ್ಥ

ಆ ಉಪಾಯದ ಬೇರು ಹಳೆಯ ಲೆಕ್ಕಪತ್ರದ ಕೋಣೆಯಲ್ಲೇ ಇದೆ. ಕಂಪ್ಯೂಟರ್‌ಗಳು ಕೋಣೆಯಷ್ಟು ದೊಡ್ಡದಾಗಿದ್ದ ಕಾಲದಲ್ಲಿ ಲೆಕ್ಕದ ಗುಮಾಸ್ತರು ವಿಚಿತ್ರವಾದ ಒಂದು ಕೆಲಸ ಮಾಡುತ್ತಿದ್ದರು. ಹಣದ ಮೊತ್ತವನ್ನು ಕೂಡಿಸುವುದರ ಜೊತೆಗೆ ಖಾತೆ ಸಂಖ್ಯೆಗಳನ್ನೂ ಕೂಡಿಸಿ ಕಟ್ಟಿನ ಮೇಲೆ ಬರೆದಿಡುತ್ತಿದ್ದರು. ಖಾತೆ ಸಂಖ್ಯೆಗಳ ಮೊತ್ತಕ್ಕೆ ಯಾವ ಅರ್ಥವೂ ಇಲ್ಲ. ಆದರೂ ಅದರಿಂದ ಪ್ರಯೋಜನವಿದೆ.

ಮೂವರು ರೈತರ ಖಾತೆಗಳ ಕೊನೆಯ ನಾಲ್ಕು ಅಂಕಿ 4127, 3380, 9065 ಎಂದುಕೊಳ್ಳಿ. ಕೂಡಿದರೆ 16572. ಈ ಸಂಖ್ಯೆಯನ್ನು ಗುಮಾಸ್ತ ಬೇರೊಂದು ಚೀಟಿಯಲ್ಲಿ ಬರೆದು ಬೇರೆ ದಾರಿಯಲ್ಲಿ ಆ ತುದಿಗೆ ತಿಳಿಸುತ್ತಾನೆ. ನಡುವೆ ಯಾರಾದರೂ 3380 ಅನ್ನು 3308 ಮಾಡಿದರೆ ಅಲ್ಲಿ ಕೂಡಿದಾಗ 16500 ಬರುತ್ತದೆ, ಪಾವತಿ ಅಲ್ಲೇ ನಿಲ್ಲುತ್ತದೆ. ಹಣದ ಮೊತ್ತವನ್ನಷ್ಟೇ ತಾಳೆ ನೋಡಿದ್ದರೆ ಈ ಬದಲಾವಣೆ ಕಾಣುತ್ತಲೇ ಇರಲಿಲ್ಲ. ಹೊಸಪೇಟೆಯಂಥ ಪ್ರಕರಣದಲ್ಲಿ ಖಾತೆ ಸಂಖ್ಯೆಗಳ ಈ ಕೂಡುಲೆಕ್ಕ ಕಡತದ ಜೊತೆಗಲ್ಲದೆ ಬೇರೆ ದಾರಿಯಲ್ಲಿ ಹೋಗಿದ್ದರೆ ಎಚ್ಚರಿಕೆಯ ಗಂಟೆ ಬಾರಿಸುತ್ತಿತ್ತು.

ಜಾಣ ಕಳ್ಳ ಇದಕ್ಕೂ ಮದ್ದು ಹುಡುಕಬಲ್ಲ. ಒಂದು ಖಾತೆಯಲ್ಲಿ ಕಳೆದ ಅಂಕಿಯನ್ನು ಇನ್ನೊಂದರಲ್ಲಿ ಕೂಡಿಸಿದರೆ ಮೊತ್ತ ಮೊದಲಿನಂತೆಯೇ ಉಳಿಯುತ್ತದೆ. ಆದ್ದರಿಂದ ಗಣಿತಜ್ಞರು ಕೂಡಿಸುವುದನ್ನು ಬಿಟ್ಟು ಕಲಸುವ ವಿಧಾನಕ್ಕೆ ಹೋದರು. ಎಸ್‌ಎಚ್‌ಎ-256 ಅಂಥದೊಂದು ಕಲಸುವ ವಿಧಾನ. ಎಷ್ಟೇ ದೊಡ್ಡ ಕಡತ ಕೊಟ್ಟರೂ ಅದು 256 ಬಿಟ್‌ಗಳ ಒಂದು ಮುದ್ರೆಯನ್ನು ಕೊಡುತ್ತದೆ. ಕಡತದಲ್ಲಿ ಒಂದೇ ಒಂದು ಅಂಕಿ ಬದಲಾದರೂ ಮುದ್ರೆಯ ಬಿಟ್‌ಗಳಲ್ಲಿ ಸುಮಾರು ಅರ್ಧದಷ್ಟು ಬದಲಾಗುತ್ತವೆ. ಮಜ್ಜಿಗೆ ಕಡೆದ ಮೇಲೆ ಯಾವ ಹನಿ ಎಲ್ಲಿತ್ತೆಂದು ಹೇಳಲಾಗದಂತೆ ಮುದ್ರೆಯಿಂದ ಹಿಂದಕ್ಕೆ ನಡೆದು ಕಡತವನ್ನು ಕಟ್ಟಲಾಗದು. ಸಾಧ್ಯವಿರುವ ಮುದ್ರೆಗಳ ಸಂಖ್ಯೆಯನ್ನು ಬರೆಯಲು 78 ಅಂಕಿಗಳು ಬೇಕು. ಅದೇ ಮುದ್ರೆ ಬರುವಂತೆ ಬೇರೊಂದು ಕಡತವನ್ನು ಹುಡುಕಿ ತೆಗೆಯುವುದು ಇಂದಿನ ಯಾವ ಕಂಪ್ಯೂಟರಿನಿಂದಲೂ ಆಗದ ಕೆಲಸ.

ಮುದ್ರೆಯೊಂದೇ ಇದ್ದರೆ ಸಾಲದು. ಕಡತ ತಿದ್ದಿದವನು ಹೊಸ ಮುದ್ರೆಯನ್ನೂ ತಯಾರಿಸಿ ಇಟ್ಟುಬಿಡಬಹುದು. ಆದ್ದರಿಂದ ಮುದ್ರೆಗೆ ಕಳಿಸುವವರ ರಹಸ್ಯ ಕೀಲಿಯಿಂದ ಸಹಿ ಹಾಕುತ್ತಾರೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡ್ಲ್‌ಮನ್ ಎಂಬ ಮೂವರು ರೂಪಿಸಿದ ಆರ್‌ಎಸ್‌ಎ ವಿಧಾನ ಇದಕ್ಕೆ ದಾರಿ ಮಾಡಿಕೊಟ್ಟಿತು. ಒಂದು ಕೀಲಿ ಸಹಿ ಹಾಕುವುದಕ್ಕೆ, ಅದು ಒಬ್ಬರಲ್ಲಿ ಮಾತ್ರ. ಇನ್ನೊಂದು ಕೀಲಿ ಸಹಿಯನ್ನು ಪರೀಕ್ಷಿಸುವುದಕ್ಕೆ, ಅದು ಎಲ್ಲರಿಗೂ ಸಿಗುತ್ತದೆ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಿಂದಲೇ ಇಂಥ ಡಿಜಿಟಲ್ ಸಹಿಯನ್ನು ಮಾನ್ಯ ಮಾಡಿದೆ.

ಸಹಿ ಎಲ್ಲಿ ಬೀಳುತ್ತದೆ ಎಂಬುದನ್ನೂ ನೋಡಬೇಕು. ಕಡತ ಹುಟ್ಟಿದ ಜಾಗದಲ್ಲೇ ಸಹಿ ಬೀಳಬೇಕು, ಹಣ ಹಂಚುವ ಜಾಗದಲ್ಲೇ ಅದನ್ನು ಪರೀಕ್ಷಿಸಬೇಕು. ಕಡತ ಸಿದ್ಧವಾದ ಮೇಲೆ ಒಂದು ಗಂಟೆ ಯಾವುದೋ ಫೋಲ್ಡರಿನಲ್ಲಿ ಬರಿದೇ ಬಿದ್ದಿದ್ದು ಆಮೇಲೆ ಸಹಿ ಬಿದ್ದರೆ, ಕಳ್ಳ ತಿದ್ದಿದ ಕಡತಕ್ಕೇ ನಾವು ಮುದ್ರೆ ಒತ್ತಿ ಕಳಿಸಿದಂತಾಗುತ್ತದೆ. ಪಡಸಾಲೆಯಲ್ಲಿ ಇಡೀ ರಾತ್ರಿ ಬಾಯಿ ತೆರೆದಿದ್ದ ಚೀಲಕ್ಕೆ ಬೆಳಿಗ್ಗೆ ಎದ್ದು ಹೊಲಿಗೆ ಹಾಕಿದರೆ ಒಳಗಿರುವುದು ನಮ್ಮದೇ ಹತ್ತಿ ಎಂದು ಹೇಗೆ ಹೇಳುವುದು?

ಕಾಣೆಯಾದ ಒಂದು ಅಕ್ಷರ

ಚಿಕ್ಕ ವ್ಯಾಪಾರಿಗಳು ಇಂಥ ಕಡತಗಳನ್ನು ಕಳಿಸದಿರಬಹುದು. ಆದರೆ ಬಿಲ್ಲನ್ನು ಇ-ಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಪಡೆದು ಹಣ ಹಾಕುವವರು ಎಲ್ಲ ಕಡೆ ಇದ್ದಾರೆ. ಅಲ್ಲೂ ಇದೇ ಕಥೆ ಬೇರೆ ವೇಷದಲ್ಲಿ ಬರುತ್ತದೆ. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಔಷಧ ಕಂಪನಿಯೊಂದಕ್ಕೆ ಬರಬೇಕಿದ್ದ ಸುಮಾರು 2.16 ಕೋಟಿ ರೂಪಾಯಿ ವಂಚಕರ ಖಾತೆಗೆ ಹೋಯಿತು. ಕಂಪನಿಯ ಇ-ಮೇಲ್ ವಿಳಾಸದಂತೆಯೇ ಕಾಣುವ, ಒಂದೇ ಒಂದು ‘ಪಿ’ ಅಕ್ಷರ ಬಿಟ್ಟ ವಿಳಾಸದಿಂದ ಹಣ ಕೊಡಬೇಕಿದ್ದವರಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಪತ್ರ ಹೋಗಿತ್ತು. ಜೋಡಿ ಅಕ್ಷರವನ್ನು ಕಣ್ಣಾಡಿಸುತ್ತ ಓದುವಾಗ ಒಂದು ‘ಪಿ’ ಇದೆಯೋ ಎರಡಿದೆಯೋ ಎಂದು ಯಾರೂ ಎಣಿಸುವುದಿಲ್ಲ. ವಂಚಕ ನಂಬಿದ್ದು ಇದನ್ನೇ.

ಇದಕ್ಕೆ ಪರಿಹಾರ ಬಲು ಅಗ್ಗದ್ದು. ಖಾತೆ ಬದಲಾಗಿದೆ ಎಂಬ ಸುದ್ದಿ ಯಾವ ದಾರಿಯಲ್ಲಿ ಬಂತೋ ಆ ದಾರಿಯಲ್ಲಿ ಅದನ್ನು ಖಚಿತಪಡಿಸಿಕೊಳ್ಳಬಾರದು. ಇ-ಮೇಲ್‌ನಲ್ಲಿ ಬಂದರೆ ಫೋನ್ ಮಾಡಿ, ಅದೂ ಆ ಪತ್ರದಲ್ಲಿ ಕೊಟ್ಟ ನಂಬರಿಗಲ್ಲ, ನಿಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ. ಖಾತೆಯ ವಿವರ ಬದಲಿಸುವುದಕ್ಕೆ ಒಬ್ಬರು, ಅದನ್ನು ಒಪ್ಪುವುದಕ್ಕೆ ಇನ್ನೊಬ್ಬರು ಎಂಬ ಕಟ್ಟು ಮಾಡಿ. ಅಂಗಡಿಯಲ್ಲಿ ಇಬ್ಬರೇ ಇದ್ದರೂ ಇದು ಆಗುತ್ತದೆ. ಕೇಳದೆ ಹಣ ಹಾಕಿದ ಮೇಲೆ ಉಳಿಯುವುದು ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಮಾತ್ರ.

ಇ-ಮೇಲ್ ವಂಚಕರಿಗೆ ಇನ್ನೊಂದು ಕೆಲಸಕ್ಕೂ ಬಳಕೆಯಾಗುತ್ತದೆ. ಹೈದರಾಬಾದಿನ ಎ.ಪಿ. ಮಹೇಶ್ ಸಹಕಾರಿ ಅರ್ಬನ್ ಬ್ಯಾಂಕಿನಿಂದ 2022ರ ಜನವರಿಯಲ್ಲಿ ಸುಮಾರು 12.48 ಕೋಟಿ ರೂಪಾಯಿ ಹೋಯಿತು. ಪೊಲೀಸರು ಹೇಳಿದಂತೆ ಅದರ ಆರಂಭ ಎರಡು ತಿಂಗಳು ಹಿಂದಿನದು. ಬ್ಯಾಂಕಿನ ನೌಕರರಿಗೆ ಇನ್ನೂರಕ್ಕೂ ಹೆಚ್ಚು ಮೋಸದ ಇ-ಮೇಲ್‌ಗಳು ಬಂದಿದ್ದವು. ಬಲೆಗೆ ಬಿದ್ದವರು ಇಬ್ಬರು. ಆ ಇಬ್ಬರ ಕಂಪ್ಯೂಟರ್‌ಗಳಲ್ಲಿ ಕುಳಿತ ಗುಪ್ತ ತಂತ್ರಾಂಶ ದೂರದಿಂದಲೇ ಯಂತ್ರವನ್ನು ನಡೆಸಲು ಬಿಟ್ಟುಕೊಟ್ಟಿತು. 2023ರಲ್ಲಿ ರಿಸರ್ವ್ ಬ್ಯಾಂಕು ಆ ಬ್ಯಾಂಕಿಗೆ 65 ಲಕ್ಷ ರೂಪಾಯಿ ದಂಡ ಹಾಕಿತು.

ಇನ್ನೂರರಲ್ಲಿ ಇಬ್ಬರು ಎಂದರೆ ನೂರಕ್ಕೆ ತೊಂಬತ್ತೊಂಬತ್ತು ಸಲ ಮೋಸ ಸೋತಿತ್ತು. ನೌಕರರಿಗೆ ಎಷ್ಟೇ ತರಬೇತಿ ಕೊಟ್ಟರೂ ನೂರಕ್ಕೆ ನೂರು ಎಚ್ಚರ ಮನುಷ್ಯರಿಂದ ಸಾಧ್ಯವಿಲ್ಲ. ಹಬ್ಬದ ಹಿಂದಿನ ದಿನದ ಧಾವಂತದಲ್ಲಿ, ಮನೆಯಲ್ಲಿ ಮಗುವಿಗೆ ಜ್ವರ ಬಂದ ದಿನ, ಯಾರೋ ಒಬ್ಬರು ಒತ್ತೇ ಒತ್ತುತ್ತಾರೆ. ಒತ್ತಿದವರನ್ನು ಬೈದು ಅಟ್ಟಿದರೆ ಮುಂದಿನ ಸಲ ಒತ್ತಿದವರು ಹೇಳದೆ ಮುಚ್ಚಿಡುತ್ತಾರೆ, ಕಳ್ಳನಿಗೆ ಇನ್ನಷ್ಟು ದಿನ ಸಿಗುತ್ತವೆ. ಒಬ್ಬರು ಎಡವಿದರೆ ಇಡೀ ಮನೆ ಬೀಳದಂತೆ ಕಟ್ಟಿಕೊಳ್ಳುವುದೇ ಸರಿಯಾದ ದಾರಿ.

ಒಂದೇ ಕೀಲಿ, ಹತ್ತು ಕೈ

ಯಾವುದೇ ಸಣ್ಣ ಕಚೇರಿಗೆ ಹೋಗಿ ನೋಡಿ. ಲೆಕ್ಕದ ಕಂಪ್ಯೂಟರಿನ ಪಾಸ್‌ವರ್ಡು ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಊರಿನ ಹೆಸರು, ಮುಂದೆ 123. ಯಜಮಾನರು, ಗುಮಾಸ್ತ, ವಾರಕ್ಕೊಮ್ಮೆ ಬರುವ ಲೆಕ್ಕಿಗ, ಕಳೆದ ವರ್ಷ ಕೆಲಸ ಬಿಟ್ಟು ಹೋದ ಹುಡುಗ ಎಲ್ಲರಿಗೂ ಅದು ಗೊತ್ತು. ಏನಾದರೂ ತಪ್ಪಾದರೆ ಯಾರು ಮಾಡಿದ್ದೆಂದು ಹೇಳುವಂತಿಲ್ಲ, ಏಕೆಂದರೆ ಯಂತ್ರದ ಪಾಲಿಗೆ ಅವರೆಲ್ಲರೂ ಒಬ್ಬರೇ.

ಪಾಸ್‌ವರ್ಡಿನ ಬಲವನ್ನು ಲೆಕ್ಕ ಹಾಕಿ ನೋಡಬಹುದು. ಇಂಗ್ಲಿಷಿನ ಎಂಟು ಚಿಕ್ಕ ಅಕ್ಷರಗಳಿಂದ ಸುಮಾರು 20,883 ಕೋಟಿ ಜೋಡಣೆಗಳಾಗುತ್ತವೆ. ದೊಡ್ಡ ಸಂಖ್ಯೆಯೇನೋ ಹೌದು. ಆದರೆ ಕದ್ದ ಪಾಸ್‌ವರ್ಡು ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡವನ ಗ್ರಾಫಿಕ್ಸ್ ಕಾರ್ಡು, ಪಟ್ಟಿ ದುರ್ಬಲ ವಿಧಾನದಲ್ಲಿ ಅಡಗಿಸಿದ್ದಾಗಿದ್ದರೆ, ಸೆಕೆಂಡಿಗೆ 10,000 ಕೋಟಿ ಊಹೆಗಳನ್ನು ಮಾಡಬಲ್ಲದು. ಎರಡೇ ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಈಗ ಬೇರೆ ಬಗೆಯಲ್ಲಿ ಯೋಚಿಸೋಣ. ಐದು ಸಾವಿರ ಕನ್ನಡ ಪದಗಳ ಪಟ್ಟಿಯಿಂದ ಕಣ್ಣುಮುಚ್ಚಿ ಐದು ಪದ ಆರಿಸಿ: ನೇಗಿಲು, ಗುಡುಗು, ಕಿಟಕಿ, ಒನಕೆ, ಬೆಲ್ಲ ಎಂಬಂತೆ. ಅದೇ ಯಂತ್ರ ಅಷ್ಟೇ ವೇಗದಲ್ಲಿ ಓಡಿದರೂ ಎಲ್ಲ ಜೋಡಣೆಗಳನ್ನು ಮುಗಿಸಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆರನೆಯ ಪದ ಸೇರಿಸಿದರೆ ಅದು ಸುಮಾರು ಐದು ಸಾವಿರ ವರ್ಷವಾಗುತ್ತದೆ. ನೆನಪಿಡುವುದೂ ಸುಲಭ. ಪದಗಳನ್ನು ಮನಸ್ಸಿಗೆ ಬಂದಂತೆ ಆರಿಸದೆ ಪುಟ ತೆರೆದು ಬೆರಳಿಟ್ಟು ಆರಿಸಬೇಕು, ಅಷ್ಟೇ ನಿಯಮ.

ಇದರ ಮೇಲೆ ಎರಡನೆಯ ಬೀಗವೂ ಇರಲಿ. ಮೊಬೈಲಿನ ದೃಢೀಕರಣ ಆ್ಯಪ್ 30 ಸೆಕೆಂಡಿಗೊಮ್ಮೆ ಆರು ಅಂಕಿಯ ಹೊಸ ಸಂಖ್ಯೆ ತೋರಿಸುತ್ತದೆ. ಮೊಬೈಲಿಗೂ ಸರ್ವರ್ ಯಂತ್ರಕ್ಕೂ ಮೊದಲೇ ಒಂದು ರಹಸ್ಯ ಹಂಚಿಕೆಯಾಗಿರುತ್ತದೆ. ಎರಡೂ ಆ ರಹಸ್ಯವನ್ನೂ ಗಡಿಯಾರದ ಸಮಯವನ್ನೂ ಸೇರಿಸಿ, ನಾವು ಮೇಲೆ ನೋಡಿದಂಥ ಕಲಸುವ ವಿಧಾನಕ್ಕೆ ಕೊಟ್ಟು, ಬಂದದ್ದರಲ್ಲಿ ಆರು ಅಂಕಿ ತೆಗೆಯುತ್ತವೆ. ಪಾಸ್‌ವರ್ಡು ಕದ್ದವನ ಕೈಯಲ್ಲಿ ಆ ಮೊಬೈಲ್ ಇರುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಿ, ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ. ಕೆಲಸ ಬಿಟ್ಟವರಿಂದ ಅಂಗಡಿಯ ಬೀಗದ ಕೈ ವಾಪಸು ಪಡೆದ ದಿನವೇ ಅವರ ಲಾಗಿನ್ ಕೂಡ ಮುಚ್ಚಬೇಕು.

ಐವತ್ತೊಂಬತ್ತು ದಿನ

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಒಂದು ಬಿರುಕಿಗೆ ತೇಪೆ ಹೊರತಂದಿತು. ಐವತ್ತೊಂಬತ್ತು ದಿನಗಳ ನಂತರ, ಮೇ 12ರಂದು, ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಅದೇ ಬಿರುಕಿನಲ್ಲಿ ನುಗ್ಗಿತು. 150ಕ್ಕೂ ಹೆಚ್ಚು ದೇಶಗಳಲ್ಲಿ ಲಕ್ಷಗಟ್ಟಲೆ ಕಂಪ್ಯೂಟರ್‌ಗಳು ಬೀಗ ಬಿದ್ದಂತೆ ನಿಂತವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳಿಗೂ ಅದು ತಗುಲಿತು. ತೇಪೆ ಉಚಿತವಾಗಿ ಸಿಗುತ್ತಿತ್ತು. ಹಾಕಿಕೊಂಡವರು ಉಳಿದರು. ಲೆಕ್ಕದ ಸಾಫ್ಟ್‌ವೇರಿನ ಕಳ್ಳ ಪ್ರತಿ ಬಳಸುವ ಅಂಗಡಿಗೆ ಅದರ ತೇಪೆಗಳು ಬರುವುದೇ ಇಲ್ಲ. ಉಳಿಸಿದ ಕೆಲವು ಸಾವಿರ ರೂಪಾಯಿಗೆ ಇಡೀ ವರ್ಷದ ಲೆಕ್ಕವನ್ನು ಪಣಕ್ಕಿಟ್ಟಂತಾಗುತ್ತದೆ.

ಸುಲಿಗೆ ತಂತ್ರಾಂಶ ಕೆಲಸ ಮಾಡುವ ರೀತಿಯೂ ತಿಳಿದಿರಲಿ. ಅದು ಪ್ರತಿ ಕಡತಕ್ಕೂ ಒಂದು ವೇಗದ ಕೀಲಿಯಿಂದ ಬೀಗ ಹಾಕಿ, ಆ ಕೀಲಿಯನ್ನೇ ಆರ್‌ಎಸ್‌ಎ ಥರದ ವಿಧಾನದಿಂದ ಮುಚ್ಚಿಡುತ್ತದೆ. ತೆರೆಯುವ ಕೀಲಿ ಸುಲಿಗೆಕೋರನಲ್ಲಿ ಮಾತ್ರ ಇರುತ್ತದೆ. ನಮ್ಮ ಪಾವತಿಯನ್ನು ಕಾಯುವ ಗಣಿತವನ್ನೇ ಅವನು ನಮ್ಮ ವಿರುದ್ಧ ತಿರುಗಿಸುತ್ತಾನೆ. ಆದ್ದರಿಂದ ಹೆಚ್ಚಿನ ಸಲ ಒಡೆದು ತೆಗೆಯುವ ದಾರಿ ಇರುವುದಿಲ್ಲ.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಗೆ ಇಂಥದೇ ದಾಳಿಯಾಯಿತು. ಐದು ಸರ್ವರುಗಳಲ್ಲಿ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು, ದಿನಗಟ್ಟಲೆ ಹೊರರೋಗಿಗಳ ಚೀಟಿಯನ್ನೂ ಕೈಯಲ್ಲಿ ಬರೆಯಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದದ್ದು ಕಾರಣವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ವಿಭಾಗಿಸುವುದೆಂದರೆ ಮನೆಯೊಳಗೆ ಗೋಡೆ ಎಬ್ಬಿಸುವುದು. ಆದೋನಿಯ ಜಿನ್ನಿಂಗ್ ಮಿಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತಿಗೆ ಬೆಂಕಿ ತಗುಲಿದರೆ ಹಬ್ಬುವ ವೇಗ ಗೊತ್ತಿರುವುದರಿಂದಲೇ ರಾಶಿಗಳ ನಡುವೆ ಜಾಗ ಬಿಡುತ್ತಾರೆ. ಅದೇ ರೀತಿ ಗ್ರಾಹಕರಿಗೆ ಕೊಡುವ ವೈಫೈ ಬೇರೆ, ಸಿಸಿಟಿವಿ ಬೇರೆ, ಹಣ ಕಳಿಸುವ ಕಂಪ್ಯೂಟರ್ ಬೇರೆ ಜಾಲದಲ್ಲಿರಲಿ. ಹಣ ಕಳಿಸುವ ಯಂತ್ರದಲ್ಲಿ ಸಿನಿಮಾ ನೋಡುವುದು, ಪೆನ್‌ಡ್ರೈವ್ ಚುಚ್ಚುವುದು ಬೇಡವೇ ಬೇಡ.

ಅಶೋಕ ಬಿಟ್ಟುಹೋದ ಪಾಠ

ಬೀಗ ಬಿದ್ದ ಕಡತಗಳಿಗೆ ನಂಬಬಹುದಾದ ಮದ್ದು ನಕಲು. ಇದರ ದೊಡ್ಡ ಉದಾಹರಣೆ ಈ ಸೀಮೆಯ ಬಂಡೆಗಳ ಮೇಲೇ ಇದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅಶೋಕ ತನ್ನ ಮಾತನ್ನು ಒಂದೇ ಕಡೆ ಕೆತ್ತಿಸಿ ಸುಮ್ಮನಾಗಲಿಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿ, ರಾಜುಲಮಂಡಗಿರಿ, ಸಿರುಗುಪ್ಪದ ಕಡೆಯ ನಿಟ್ಟೂರು, ಉಡೇಗೋಳ, ರಾಯಚೂರಿನ ಮಸ್ಕಿ, ಕೊಪ್ಪಳ, ಚಿತ್ರದುರ್ಗದ ಬ್ರಹ್ಮಗಿರಿ ಹೀಗೆ ಹಲವು ಕಡೆ ಅವನ ಚಿಕ್ಕ ಶಾಸನಗಳ ಪಾಠಗಳಿವೆ. ಒಂದು ಬಂಡೆ ಸವೆದ ಜಾಗದಲ್ಲಿ ವಿದ್ವಾಂಸರು ಇನ್ನೊಂದರ ಪಾಠದಿಂದ ತುಂಬಿಕೊಂಡು ಓದಿದರು. ಹೆಚ್ಚಿನ ಕಡೆ ಬರಿಯ ‘ದೇವಾನಾಂಪ್ರಿಯ’ ಎಂದಿದ್ದವನು ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಸಿಕ್ಕ ಮಸ್ಕಿಯ ಪ್ರತಿಯಿಂದ.

ಕಂಪ್ಯೂಟರ್ ಜಗತ್ತಿನ ನಿಯಮವೂ ಇದೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಬಂಡೆಯ ಇನ್ನೊಂದು ಗುಣವನ್ನೂ ಇಲ್ಲಿ ನೆನೆಯಬೇಕು. ಅದನ್ನು ಸುಲಭವಾಗಿ ತಿದ್ದಲಾಗದು. ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುವ ಡಿಸ್ಕಿನ ಪ್ರತಿಗೆ ಸುಲಿಗೆ ತಂತ್ರಾಂಶವೂ ಕೈ ಚಾಚಬಲ್ಲದು. ಆದ್ದರಿಂದ ಒಂದು ಪ್ರತಿಯಾದರೂ ಕಿತ್ತಿಟ್ಟದ್ದಾಗಿರಬೇಕು. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಲೆಕ್ಕವನ್ನು ನಿಜವಾಗಿ ತೆರೆದು ನೋಡಬೇಕು. ತೆರೆಯದ ಪ್ರತಿಯನ್ನು ಕಷ್ಟಕಾಲದಲ್ಲಿ ನಂಬಿ ಕೆಟ್ಟವರು ಬಹಳ ಜನ.

ಬೇರೆಯವರ ಬಾಗಿಲು

ನಮ್ಮ ಮನೆ ಎಷ್ಟೇ ಭದ್ರವಾಗಿದ್ದರೂ ನಮಗೆ ಸೇವೆ ಕೊಡುವವರ ಬಾಗಿಲು ತೆರೆದಿರಬಹುದು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಸಂಸ್ಥೆಗೆ ಸುಲಿಗೆ ತಂತ್ರಾಂಶ ತಗುಲಿತು. ಅದರ ಸೇವೆ ನಂಬಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿಗಳು ನಿಂತವು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವೇ ಅವುಗಳ ಸಂಪರ್ಕ ಕಡಿದಿತ್ತು. ಹಳ್ಳಿಯ ಗ್ರಾಹಕರು ಆ ಸಂಸ್ಥೆಯ ಹೆಸರನ್ನೂ ಕೇಳಿರಲಿಕ್ಕಿಲ್ಲ. ಸಾಫ್ಟ್‌ವೇರ್ ಕೊಡುವವರನ್ನು ಆರಿಸುವಾಗ ಬೆಲೆಯ ಜೊತೆಗೆ ಇದನ್ನೂ ಕೇಳಿ: ನಮ್ಮ ಮಾಹಿತಿ ಎಲ್ಲಿರುತ್ತದೆ, ನಿಮ್ಮಲ್ಲಿ ಯಾರ್‍ಯಾರು ಅದನ್ನು ತೆರೆಯಬಹುದು, ದಾಳಿಯಾದರೆ ಎಷ್ಟು ಗಂಟೆಯೊಳಗೆ ನಮಗೆ ತಿಳಿಸುತ್ತೀರಿ?

ನಮ್ಮ ಗ್ರಾಹಕರ ಪಾಲಿಗೆ ನಾವೂ ಅಂಥ ಬಾಗಿಲೇ. ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದ ಆಧಾರ್ ಜೆರಾಕ್ಸ್‌ಗಳು ಯಾರದೋ ಬದುಕಿನ ಕೀಲಿಗಳು. ಆಂಧ್ರ, ಕರ್ನಾಟಕ ಎರಡರಲ್ಲೂ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳ ಅಚ್ಚು ತೆಗೆದು ಆಧಾರ್ ಪಾವತಿಯ ಮೂಲಕ ಹಣ ಎಳೆದ ಪ್ರಕರಣಗಳು ನಡೆದಿವೆ. ಪಾಸ್‌ವರ್ಡು ಹೋದರೆ ಹೊಸದು ಇಡಬಹುದು, ಬೆರಳು ಹೊಸದು ಬರುವುದಿಲ್ಲ. ಬೇಡದ ಕಾಗದ ಇಟ್ಟುಕೊಳ್ಳದಿರುವುದು ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ. ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಆಧಾರ್ ಪ್ರಾಧಿಕಾರದಲ್ಲಿದೆ, ಗ್ರಾಹಕರಿಗೆ ಅದನ್ನು ತಿಳಿಸಿಕೊಡಿ.

ಎರಡನೇ ಶನಿವಾರ

ಮತ್ತೆ ಹೊಸಪೇಟೆಗೆ ಬರೋಣ. 2025ರ ಜನವರಿ 10 ಶುಕ್ರವಾರ. ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಸಂಗತಿ ತಿಳಿದದ್ದು ಸೋಮವಾರ. ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿಗೂ ಹೆಚ್ಚು ಹೋದದ್ದು 2018ರ ಆಗಸ್ಟ್ 11ರಿಂದ 13ರ ನಡುವೆ, ಅದರ ಮೊದಲ ದಿನವೂ ಎರಡನೇ ಶನಿವಾರ. ಅಲ್ಲಿ ಎಟಿಎಂ ಕೇಳುವ ‘ಈ ಕಾರ್ಡಿನಲ್ಲಿ ಹಣ ಇದೆಯೇ’ ಎಂಬ ಪ್ರಶ್ನೆ ಬ್ಯಾಂಕಿನ ಮೂಲ ವ್ಯವಸ್ಥೆಗೆ ತಲುಪದಂತೆ ತಡೆದು, ನಡುವೆ ಕುಳಿತ ನಕಲಿ ವ್ಯವಸ್ಥೆಯೇ ‘ಇದೆ’ ಎಂದು ಉತ್ತರಿಸುತ್ತಿತ್ತು. 28 ದೇಶಗಳಲ್ಲಿ ಹಣ ತೆಗೆದರು. 2016ರ ಫೆಬ್ರುವರಿ 4ರಂದು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಕನ್ನ ಬಿದ್ದದ್ದು ಗುರುವಾರ ರಾತ್ರಿ. ಅಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ಹಗಲುರಾತ್ರಿ ಓಡುತ್ತಿವೆ. ಹಣಕ್ಕೆ ರಜೆ ಇಲ್ಲ, ನೋಡುವ ಕಣ್ಣಿಗೆ ರಜೆ ಇದೆ.

ಹಾಗಾಗಿ ರಜೆಯ ಹಿಂದಿನ ಸಂಜೆ ಹತ್ತು ನಿಮಿಷ ಎತ್ತಿಡಿ. ಆ ದಿನ ಕಳಿಸಿದ ಹಣದ ಪಟ್ಟಿಯನ್ನು ಬ್ಯಾಂಕಿನ ವಿವರದೊಂದಿಗೆ ಖಾತೆ ಸಂಖ್ಯೆ ಸಮೇತ ತಾಳೆ ನೋಡಿ. ನಕಲು ತೆಗೆದು ಡಿಸ್ಕ್ ಕಿತ್ತಿಡಿ. ರಜೆಯಲ್ಲಿ ಬ್ಯಾಂಕಿನ ಸಂದೇಶ ಯಾರ ಫೋನಿಗೆ ಬರುತ್ತದೆ ಎಂದು ಗೊತ್ತುಮಾಡಿ. ಏನಾದರೂ ತಪ್ಪು ಕಂಡರೆ ಮೊದಲು ಬ್ಯಾಂಕಿಗೆ, ಒಡನೆಯೇ 1930ಕ್ಕೆ ಕರೆ. ಈ ಸಹಾಯವಾಣಿ ಇಡೀ ದೇಶಕ್ಕೆ ಒಂದೇ. ಹಣ ಮುಂದಿನ ಖಾತೆಗೆ ಜಿಗಿಯುವ ಮುನ್ನ ಅದನ್ನು ತಡೆಹಿಡಿಯಲು ಬ್ಯಾಂಕುಗಳನ್ನೂ ಪೊಲೀಸರನ್ನೂ ಜೋಡಿಸಿದ ವ್ಯವಸ್ಥೆ ಅದರ ಹಿಂದಿದೆ. ಗಡಿಯವರಿಗೆ ಇನ್ನೊಂದು ಮಾತು. ಖಾತೆ ಬಳ್ಳಾರಿಯಲ್ಲಿ, ಮನೆ ಹಾಲಹರವಿಯಲ್ಲಿ ಎಂದು ಯಾವ ಠಾಣೆಗೆ ಹೋಗಲಿ ಎಂದು ಅಲೆಯಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಸಂಸ್ಥೆಗಳ ಮೇಲೆ ಇನ್ನೊಂದು ಹೊಣೆಯಿದೆ. ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಕೋಟೆಯ ಊರಾದ ಆದೋನಿಗೆ ಹೊಸದೇನಲ್ಲ. ಆದರೆ ಇಲ್ಲಿ ಮೊದಲ ಗಂಟೆಯಲ್ಲಿ ಹಾಕಿದ ಬಾಗಿಲು ಕೊಳ್ಳೆಯ ಒಂದು ಪಾಲನ್ನಾದರೂ ಉಳಿಸಬಲ್ಲದು.

ಇಷ್ಟೆಲ್ಲದರಲ್ಲಿ ದುಡ್ಡು ಕೊಟ್ಟು ತರಬೇಕಾದದ್ದು ಕಡಿಮೆ. ರೂಢಿ ಮಾಡಿಕೊಳ್ಳಬೇಕಾದದ್ದೇ ಹೆಚ್ಚು. ಅದರಲ್ಲೂ ಒಂದು ರೂಢಿ ಯಜಮಾನರಿಂದಲೇ ಬರಬೇಕು. ಕಾಟಾದ ಮುಂದೆ ನಿಂತ ಹಮಾಲ ‘ಇನ್ನೊಂದು ಸಲ ಇಡ್ರಿ, ನೋಡೋಣ’ ಎಂದರೆ ಪೇಟೆಯಲ್ಲಿ ಯಾರೂ ಸಿಟ್ಟಾಗುವುದಿಲ್ಲ. ಹಣ ಕಳಿಸುವ ಮೇಜಿನ ಮುಂದೆ ಕುಳಿತ ಗುಮಾಸ್ತನಿಗೂ ಅದೇ ಹಕ್ಕು ಸಿಗಬೇಕು. ಯಜಮಾನರ ಹೆಸರಿನಲ್ಲೇ ಸಂದೇಶ ಬಂದಿರಲಿ, ಎಷ್ಟೇ ಅವಸರವಿರಲಿ, ಅವನು ಕೈ ತಡೆದು ಒಂದು ಫೋನ್ ಮಾಡಲಿ.

ಸುಗ್ಗಿಯ ಒಂದು ಶುಕ್ರವಾರ ಸಂಜೆ ಆದೋನಿಯ ಅಂಗಡಿಯಿಂದ ಹಾಲಹರವಿಯ ಮನೆಗೆ ಕರೆ ಹೋಗುತ್ತದೆ ಎಂದುಕೊಳ್ಳಿ. ‘ಅಣ್ಣಾ, ರೊಕ್ಕ ಹಾಕಾಕತ್ತೀನಿ. ನಿಮ್ಮ ಖಾತಿ ಕಡೀಕಿನ ನಾಲ್ಕು ಅಂಕಿ ಒಮ್ಮೆ ಹೇಳ್ರಿ, ತಾಳಿ ನೋಡ್ತೀನಿ.’ ಆ ಕಡೆಯಿಂದ ರೈತ ಪಾಸ್‌ಬುಕ್ ತರಿಸಿ, ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಅಂಕಿ ಓದುತ್ತಾನೆ. ಇತ್ತ ಗುಮಾಸ್ತ ಪರದೆಯ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾನೆ. ನಾಲ್ಕೂ ಕೂಡುತ್ತವೆ. ಆಮೇಲೆ ಗುಂಡಿ ಒತ್ತುತ್ತಾನೆ.